ಡಬ್ಬಿಯ ತಳದ ತ್ರಿಕೋನ

ಅಡಿಗೆಮನೆಯಿಂದ ಎಣ್ಣೆಯ ಡಬ್ಬಿಯನ್ನೋ, ಮಕ್ಕಳು ಶಾಲೆಗೆ ಒಯ್ಯುವ ನೀರಿನ ಸೀಸೆಯನ್ನೋ ಕೈಗೆತ್ತಿಕೊಂಡು ಒಮ್ಮೆ ಬೋರಲು ಹಿಡಿದು ನೋಡಿ. ಮುಚ್ಚಳ ಬಿಗಿಯಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಎಣ್ಣೆ ಚೆಲ್ಲಿದರೆ ಲೇಖಕನ ಹೊಣೆಯಲ್ಲ. ತಳದಲ್ಲಿ, ಉಗುರಿಗೆ ತಾಕುವಂತೆ ಉಬ್ಬಿರುವ ಒಂದು ಪುಟ್ಟ ತ್ರಿಕೋನ ಕಾಣುತ್ತದೆ. ಎಷ್ಟೋ ಡಬ್ಬಿಗಳಲ್ಲಿ ಅದು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೂರು ಬಾಣಗಳಿಂದಾದ ತ್ರಿಕೋನ. ಅದರ ಹೊಟ್ಟೆಯಲ್ಲಿ 1ರಿಂದ 7ರವರೆಗಿನ ಯಾವುದಾದರೊಂದು ಅಂಕೆ.

ಇದರ ಅರ್ಥವೇನೆಂದು ಮನೆಯಲ್ಲಿ ಮೂವರನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ಡಬ್ಬಿಯನ್ನು ಎಷ್ಟು ಸಲ ಬಳಸಬಹುದೆಂಬ ಲೆಕ್ಕ ಎಂದು ಒಬ್ಬರು. ಸರಕಿನ ದರ್ಜೆ ಎಂದು ಇನ್ನೊಬ್ಬರು. ಸ್ವಲ್ಪ ಓದಿಕೊಂಡವರು, ಇದು ಮರುಬಳಕೆಯ ಗುರುತು, ಎಸೆದರೂ ಚಿಂತೆಯಿಲ್ಲ, ಕಾರಖಾನೆಗೆ ಹೋಗಿ ಕರಗಿ ಮತ್ತೊಂದು ಡಬ್ಬಿಯಾಗಿ ಬರುತ್ತದೆ ಎನ್ನುತ್ತಾರೆ. ಮೊದಲಿನೆರಡು ಉತ್ತರಗಳು ಪೂರ್ತಿ ತಪ್ಪು. ಅವುಗಳಿಂದ ಅಷ್ಟೇನೂ ಅಪಾಯವಿಲ್ಲ. ಮೂರನೆಯದು ಅರ್ಧ ನಿಜ. ತೊಂದರೆ ಇರುವುದು ಅದರಲ್ಲಿಯೇ. ಆ ಅರ್ಧ ನಿಜ ಹುಟ್ಟಿದ ಬಗೆಯನ್ನು ಇಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ.

ಅದಕ್ಕೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಾರ್ಲಿಕ್ಸ್ ಸೀಸೆ ಬರಿದಾದ ಮೇಲೆ ನಮ್ಮ ಅಜ್ಜಿಯರು ಅದರಲ್ಲಿ ಉಪ್ಪಿನಕಾಯಿ ತುಂಬಿಡುತ್ತಿದ್ದರಲ್ಲ, ಅದೂ ಮರುಬಳಕೆಯೇ. ಆದರೆ ಇಲ್ಲಿ ನಾನು ಹೇಳುವುದು ಹಳೆಯ ಸರಕನ್ನು ಅರೆದು, ಕರಗಿಸಿ, ಹೊಸ ಸರಕನ್ನಾಗಿ ಮಾಡುವ ಕೆಲಸವನ್ನು. ಅದಕ್ಕೂ ಕನ್ನಡದಲ್ಲಿ ಅದೇ ಮಾತು ರೂಢಿಗೆ ಬಂದುಬಿಟ್ಟಿದೆ. ಇರಲಿ. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ: ಮರುಬಳಕೆ ಆಗಬಲ್ಲದ್ದು, ಮರುಬಳಕೆಯಿಂದ ಆದದ್ದು, ಮರುಬಳಕೆ ಆಗಿಯೇ ಆಗುವಂಥದು. ವ್ಯಾಕರಣದಲ್ಲಿ ಇವುಗಳ ನಡುವಣ ಅಂತರ ಮಗ್ಗಿ ಕಲಿಯುವ ಹುಡುಗನಿಗೂ ಗೊತ್ತು. ಆದರೆ ಒಂದು ಚಿತ್ರಕ್ಕೆ ವ್ಯಾಕರಣವಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಒಮ್ಮೆ ಬಳಸಿ ಎಸೆಯುವ ಡಬ್ಬಿ, ಸೀಸೆಗಳ ಕಾಲ ಬಂದಿತು. ಅದಕ್ಕೆ ಹಿಂದೆ ಅಲ್ಲಿಯೂ ಪಾನೀಯದ ಸೀಸೆಗಳು ಅಂಗಡಿಗೆ ಹಿಂದಿರುಗುತ್ತಿದ್ದವು. ನಮ್ಮ ಗೋಲಿ ಸೋಡದ ಸೀಸೆಯನ್ನು ನೆನೆಸಿಕೊಳ್ಳಿ. ಕುಡಿಯುವವನು ಅಂಗಡಿಯ ಮುಂದೆಯೇ ನಿಂತಿರುತ್ತಾನೆ. ಸೀಸೆ ಕೈಯಿಂದ ಕೈಗೆ ಮರಳುತ್ತದೆ. ಇದನ್ನು ಎಲ್ಲಿ ಹಾಕಬೇಕು ಎಂದು ಅದರ ಮೇಲೆ ಬರೆಯುವ ಅಗತ್ಯವೇ ಇಲ್ಲ. ಸರಕು ಯಾರ ಕೈಗೂ ಮರಳದೆ ರಸ್ತೆಯ ಬದಿಗೆ ಬೀಳತೊಡಗಿದಾಗ, ಅದರ ಮೇಲೆ ಏನನ್ನಾದರೂ ಬರೆಯಬೇಕೆಂಬ ಯೋಚನೆ ಹುಟ್ಟುತ್ತದೆ.

1970ರ ಏಪ್ರಿಲ್ 22ರಂದು ಆ ದೇಶದಲ್ಲಿ ಮೊದಲನೆಯ ಭೂದಿನ ಆಚರಣೆಯಾಯಿತು. ಅದೇ ವರ್ಷ ಷಿಕಾಗೋ ನಗರದ ಕಂಟೇನರ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪೆನಿ ವಿದ್ಯಾರ್ಥಿಗಳಿಗಾಗಿ ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಇದು ರಟ್ಟಿನ ಪೆಟ್ಟಿಗೆಗಳನ್ನು ಮಾಡುವ ಕಂಪೆನಿ. ಹಳೆಯ ಕಾಗದವನ್ನು ಕೊಂಡು ನೆನೆಸಿ ಹೊಸ ರಟ್ಟು ಮಾಡುವುದು ಅದರ ಕಸುಬು. ಹಾಗೆ ಮಾಡಿದ ರಟ್ಟಿಗೆ ಜನ ನೋಡಿದೊಡನೆ ಗುರುತಿಸುವಂಥ ಒಂದು ಚಿಹ್ನೆ ಬೇಕಾಗಿತ್ತು. ಐನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಕೊಲರಾಡೋ ಪ್ರಾಂತದ ಆಸ್ಪೆನ್ ಎಂಬ ಗುಡ್ಡಗಾಡಿನ ಊರಿನಲ್ಲಿ, ಸಾಲ್ ಬಾಸ್, ಹರ್ಬರ್ಟ್ ಬೇಯರ್ ಮೊದಲಾದ ಹೆಸರಾಂತ ಕಲಾವಿದರು ತೀರ್ಪುಗಾರರಾಗಿ ಕುಳಿತು ಅವುಗಳನ್ನು ನೋಡಿದರು. ಗೆದ್ದವನು ಇಪ್ಪತ್ತಮೂರು ವರ್ಷದ ಗ್ಯಾರಿ ಆಂಡರ್ಸನ್. ಲಾಸ್ ಏಂಜಲಿಸ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಹುಡುಗ. ಬಹುಮಾನ 2,500 ಡಾಲರು.

ಆತ ಚಿತ್ರ ಬರೆದದ್ದು ಒಂದೆರಡು ದಿನಗಳಲ್ಲಂತೆ. ಚಿಕ್ಕಂದಿನಲ್ಲಿ ಶಾಲೆಯವರು ಪತ್ರಿಕೆಯ ಅಚ್ಚುಕೂಟಕ್ಕೆ ಕರೆದುಕೊಂಡು ಹೋಗಿದ್ದಾಗ, ಉರುಳೆಗಳ ಮೇಲೆ ಕಾಗದ ಮಡಿಸಿಕೊಂಡು, ಹೊರಳಿಕೊಂಡು ಓಡುವುದನ್ನು ಕಂಡದ್ದು ಆತನ ಮನಸ್ಸಿನಲ್ಲಿ ಉಳಿದಿತ್ತು. ಅದರೊಡನೆ ಗಣಿತದ ಒಂದು ಆಟಿಕೆಯೂ ಸೇರಿಕೊಂಡಿತು. 1858ರಲ್ಲಿ ಜರ್ಮನಿಯ ಮೋಬಿಯಸ್ ಎಂಬ ಗಣಿತಜ್ಞ ಕಂಡುಕೊಂಡ ಪಟ್ಟಿ ಅದು. ನೀವೂ ಮಾಡಿ ನೋಡಬಹುದು. ವೃತ್ತಪತ್ರಿಕೆಯಿಂದ ಉದ್ದನೆಯ ಒಂದು ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಒಮ್ಮೆ ಮಗುಚಿ, ಎರಡು ತುದಿಗಳನ್ನೂ ಅಂಟಿಸಿ. ಈಗ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಪಟ್ಟಿಯ ನಡುವೆ ಗೆರೆ ಎಳೆಯುತ್ತ ಹೋಗಲು ಹೇಳಿ. ಪೆನ್ಸಿಲನ್ನು ಎತ್ತದೆಯೇ ಎರಡು ಬದಿಯನ್ನೂ ಮುಗಿಸಿ ಹೊರಟಲ್ಲಿಗೇ ಬಂದು ಸೇರುತ್ತದೆ! ಒಳಗೆ ಹೊರಗೆ ಎಂಬ ಭೇದವಿಲ್ಲ, ಮೊದಲು ಕೊನೆ ಎಂಬುದಿಲ್ಲ. ಹಳೆಯದೇ ಹೊಸದಾಗುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಇನ್ನೊಂದು ಇರಲಾರದು. ಕಂಪೆನಿಯ ಕಲಾವಿಭಾಗದವರು ಅದನ್ನು ಸ್ವಲ್ಪ ತಿರುಗಿಸಿ, ತುದಿ ಮೇಲಾಗಿ ನಿಲ್ಲಿಸಿ, ಗೆರೆಗಳನ್ನು ತಿದ್ದಿದರು. ಚಿಹ್ನೆಯ ಮೇಲಿನ ಹಕ್ಕು ಕಂಪೆನಿಯ ಕೈಯಲ್ಲಿ ಉಳಿಯಲಿಲ್ಲ. ಅದು ಎಲ್ಲರ ಸ್ವತ್ತಾಯಿತು.

ಎಲ್ಲರ ಸ್ವತ್ತು ಎಂದರೆ ಯಾರ ಕಾವಲೂ ಇಲ್ಲದ ಸ್ವತ್ತು. ಕಾಗದದ ಉದ್ಯಮದವರು ಮೊದಮೊದಲು ಒಂದು ಕಟ್ಟುಪಾಡನ್ನು ಇಟ್ಟುಕೊಂಡಿದ್ದರು. ಬಾಣಗಳು ಬಯಲಿನಲ್ಲಿದ್ದರೆ ಮರುಬಳಕೆ ಆಗಬಲ್ಲದ್ದು. ಕಪ್ಪು ವೃತ್ತದೊಳಗಿದ್ದರೆ ಹಳೆಯ ಕಾಗದದಿಂದ ಆದದ್ದು. ಬಲ್ಲವರಿಗೆ ಸರಿ. ಆದರೆ ಬೆಳಗಿನ ಉಪಾಹಾರದ ಪೆಟ್ಟಿಗೆಯನ್ನು ಬಿಚ್ಚುವ ಗೃಹಿಣಿ ವೃತ್ತವನ್ನು ನೋಡುತ್ತಾಳೆಯೇ? ಬಾಣಗಳನ್ನು ನೋಡುತ್ತಾಳೆ, ಅಷ್ಟೆ.

ಇದೇ ಕಾಲಕ್ಕೆ ಅದೇ ದೇಶದ ಇನ್ನೊಂದು ಮೂಲೆಯಲ್ಲಿ ಬೇರೊಂದು ಬಗೆಯ ಬರಹ ಡಬ್ಬಿಗಳ ಮೇಲೆ ಬಂದಿತು. ಆರೆಗನ್ ಪ್ರಾಂತದವರು 1971ರಲ್ಲಿ ಒಂದು ಕಾಯಿದೆ ಮಾಡಿದರು: ಬೀರು ಮತ್ತು ತಂಪುಪಾನೀಯಗಳ ಡಬ್ಬಿ, ಸೀಸೆಗಳನ್ನು ಹಿಂದಕ್ಕೆ ತಂದುಕೊಟ್ಟವರಿಗೆ ಅಂಗಡಿಯವನು ಠೇವಣಿ ಹಣ ಮರಳಿಸಬೇಕು; ಆ ಹಣ ಎಷ್ಟೆಂಬುದು ಡಬ್ಬಿಯ ಮೇಲೆಯೇ ಇರಬೇಕು. ಬರೆದದ್ದು ಐದು ಸೆಂಟು. ಅದರಲ್ಲಿ ಚೆಲುವಿಲ್ಲ, ಮೋಬಿಯಸ್ ಇಲ್ಲ. ಆದರೆ ಆ ಬರಹ ಒಂದು ಹುಂಡಿ. ಹುಂಡಿಗೆ ಬೆಲೆ ಬರುವುದು ಅದರ ಮೇಲಿನ ಅಕ್ಷರದ ಅಂದದಿಂದಲ್ಲ. ಅದನ್ನು ಹಿಡಿದು ಪೇಟೆಗೆ ಹೋದರೆ ಹಣ ಎಣಿಸಿಕೊಡುವ ಒಬ್ಬ ಸಾಹುಕಾರ ಇರುವುದರಿಂದ. ಆರೆಗನ್ನಿನ ಡಬ್ಬಿಗೆ ಅಂಥ ಸಾಹುಕಾರನಿದ್ದ. 2017ರಲ್ಲಿ ಆ ಐದು ಸೆಂಟು ಹತ್ತಾಯಿತು. ಮೂರು ಬಾಣಗಳಿಗೆ ಯಾವ ಸಾಹುಕಾರ?

ಇನ್ನು ಅಂಕೆಗಳ ಕಥೆ. ತಂಪುಪಾನೀಯವನ್ನು ತುಂಬಬಲ್ಲ ಪೆಟ್ ಸೀಸೆಗೆ ಡ್ಯೂಪಾಂಟ್ ಕಂಪೆನಿಯ ನಥಾನಿಯಲ್ ವೈಯತ್ 1973ರಲ್ಲಿ ಹಕ್ಕುಪತ್ರ ಪಡೆದರು. ಅಲ್ಲಿಂದ ಹದಿನೈದು ವರ್ಷಗಳಲ್ಲಿ ಅಂಗಡಿಗಳಲ್ಲಿ ಗಾಜು ಹಿಂದೆ ಸರಿದು ಪ್ಲಾಸ್ಟಿಕ್ಕು ಮುಂದೆ ಬಂದಿತು. ಕಸದ ಗುಂಡಿಗಳು ತುಂಬಿದವು. ಪ್ಲಾಸ್ಟಿಕ್ಕನ್ನು ನಿಷೇಧಿಸಬೇಕೆಂಬ ಕೂಗೂ ಎದ್ದಿತು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಿಗಳ ಸಂಘ ಒಂದರಿಂದ ಏಳರವರೆಗಿನ ಅಂಕೆಗಳ ಪದ್ಧತಿಯನ್ನು ಹೊರಡಿಸಿತು.

ಆ ಅಂಕೆಗಳು ನಿರರ್ಥಕವಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಪ್ಲಾಸ್ಟಿಕ್ಕು ಎಂಬುದು ಒಂದು ಜಾತಿಯ ಹೆಸರೇ ಹೊರತು ಒಂದು ವಸ್ತುವಿನ ಹೆಸರಲ್ಲ. ಲೋಹ ಎಂದ ಹಾಗೆ. ನೀರಿನ ಸೀಸೆ 1. ಫಿನೈಲು, ಶಾಂಪೂಗಳ ದಪ್ಪ ಡಬ್ಬಿ 2. ಮನೆಯ ಕೊಳಾಯಿಯ ಪೈಪಿಗೆ ಬಳಸುವ ಪಿ.ವಿ.ಸಿ. 3. ಹಾಲಿನ ಕವರು 4. ಊಟ ಕಟ್ಟಿಕೊಡುವ ಗಟ್ಟಿ ಡಬ್ಬಿಗಳು ಹೆಚ್ಚಾಗಿ 5. ಥರ್ಮೊಕೋಲು 6. ಇವು ಯಾವುವೂ ಅಲ್ಲದ್ದು, ಹಲವು ಬೆರೆತದ್ದು 7. ಇವುಗಳನ್ನು ಒಟ್ಟಿಗೆ ಕರಗಿಸುವಂತಿಲ್ಲ. ಚೂರು ಮಾಡಿ ನೀರಿಗೆ ಹಾಕಿದರೆ 2, 4, 5 ತೇಲುತ್ತವೆ, 1 ಮುಳುಗುತ್ತದೆ. ಅಷ್ಟರಮಟ್ಟಿಗೆ ಬೇರ್ಪಡಿಸುವುದು ಸುಲಭ. ಆದರೆ 3 ಕೂಡ ಮುಳುಗುತ್ತದೆ, ನೋಡುವುದಕ್ಕೂ 1ರ ಹಾಗೆಯೇ ಪಾರದರ್ಶಕವಾಗಿರಬಹುದು. 1ನ್ನು ಕರಗಿಸಲು ಸುಮಾರು 250 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಆ ಶಾಖದಲ್ಲಿ 3 ಕರಟಿ ಕಪ್ಪಾಗಿ ಆಮ್ಲದ ಆವಿ ಬಿಡುತ್ತದೆ. ಹಾಲಿಗೆ ಹುಳಿ ಬಿದ್ದ ಹಾಗೆ. ನಾಲ್ಕು ಚೂರು ಸೇರಿದರೂ ಇಡೀ ಕಡಾಯಿ ಕೆಟ್ಟಿತು. ಆದಕಾರಣ, ವಿಂಗಡಿಸುವ ಕಾರ್ಮಿಕನಿಗೆ ಇದು ಯಾವುದೆಂದು ತಿಳಿಸುವ ಒಂದು ಗುರುತು ಬೇಕೇ ಬೇಕಾಗಿತ್ತು.

ಆ ಕೆಲಸಕ್ಕೆ ಅಂಕೆಯೊಂದೇ ಸಾಕಾಗಿತ್ತು. ಚೌಕದೊಳಗೆ ಇಡಬಹುದಾಗಿತ್ತು, ಏನೂ ಇಲ್ಲದೆ ಬಿಡಬಹುದಾಗಿತ್ತು. ಅದರ ಸುತ್ತ ಸಂಘದವರು ಇಟ್ಟದ್ದು ಆ ಹೊತ್ತಿಗೆ ಹದಿನೆಂಟು ವರ್ಷಗಳಿಂದ ಜನರ ಕಣ್ಣಿಗೆ ಪಳಗಿದ್ದ ಮೂರು ಬಾಣಗಳನ್ನು. ಇದು ಪದಾರ್ಥದ ಗುರುತು ಮಾತ್ರ, ಮರುಬಳಕೆಯ ಭರವಸೆಯಲ್ಲ, ಎದ್ದುಕಾಣದ ಜಾಗದಲ್ಲಿ ಇಡತಕ್ಕದ್ದು ಎಂದು ಅವರೇ ನಿಯಮ ಬರೆದರು. ಅಂಕೆ ಡಬ್ಬಿಯ ತಳಕ್ಕೆ ಹೋದದ್ದು ಹಾಗೆ. ಆದರೆ ನಿಯಮದ ಪುಸ್ತಕ ಕಾರಖಾನೆಯಲ್ಲಿ ಉಳಿಯಿತು, ಬಾಣಗಳು ಮನೆಮನೆಗೆ ಬಂದವು. 39 ಪ್ರಾಂತಗಳು ಈ ಗುರುತನ್ನು ಕಾಯಿದೆಯಿಂದಲೇ ಕಡ್ಡಾಯ ಮಾಡಿದ ಮೇಲೆ ಅದಕ್ಕೆ ಸರಕಾರಿ ಮುದ್ರೆಯ ಗೌರವವೂ ಬಂದಿತು. ಇಷ್ಟಾಗಿ, ಆ ದೇಶದಲ್ಲಿ ಕೊಳ್ಳುವವರಿದ್ದದ್ದು ಮುಖ್ಯವಾಗಿ 1 ಮತ್ತು 2ರ ಸೀಸೆಗಳಿಗೆ. ಉಳಿದ ಅಂಕೆಗಳ ಸುತ್ತಲೂ ಅದೇ ಬಾಣಗಳು ಅಷ್ಟೇ ಉತ್ಸಾಹದಿಂದ ಸುತ್ತುತ್ತಿದ್ದವು. ಇದನ್ನು ಕೆಲವರು ಬರಿಯ ಅಜಾಗ್ರತೆ ಎನ್ನುತ್ತಾರೆ. ನಿಷೇಧದ ಕೂಗು ಎದ್ದಿದ್ದ ಹೊತ್ತಿನಲ್ಲಿ ನಡೆದ ಅಜಾಗ್ರತೆ ಇದು ಎಂಬುದನ್ನು ನೆನೆದರೆ, ನನಗೆ ಅಷ್ಟು ಸಲೀಸಾಗಿ ನಂಬಿಕೆ ಬರುವುದಿಲ್ಲ.

ಜರ್ಮನಿಯವರು ಬೇರೆ ದಾರಿ ಹಿಡಿದರು. ಕ್ಲೌಸ್ ಟಾಫರ್ ಪರಿಸರ ಮಂತ್ರಿಯಾಗಿದ್ದಾಗ, 1991ರಲ್ಲಿ, ಕಟ್ಟುಸರಕಿನ ಹೊಣೆ ಅದನ್ನು ಮಾರುವವರದೇ ಎಂಬ ಕಟ್ಟಳೆ ಬಂದಿತು. ಉದ್ಯಮಿಗಳು ಅದಕ್ಕೆ ಸ್ವಲ್ಪ ಮುಂಚೆಯೇ ಕೂಡಿ ಒಂದು ಸಂಸ್ಥೆ ಕಟ್ಟಿದ್ದರು. ಅದಕ್ಕೆ ಶುಲ್ಕ ತೆತ್ತವರು ತಮ್ಮ ಸರಕಿನ ಮೇಲೆ ಹಸಿರು ಚುಕ್ಕೆಯನ್ನು ಅಚ್ಚು ಹಾಕಬಹುದು. ಜನ ಅಂಥ ಖಾಲಿ ಕವರು, ಡಬ್ಬಿಗಳನ್ನು ಹಳದಿ ಚೀಲದಲ್ಲಿ ಹಾಕಿದರೆ ಸಂಸ್ಥೆಯವರು ಒಯ್ಯುತ್ತಾರೆ. ಈ ಚುಕ್ಕೆಯಲ್ಲೂ ಒಂದರೊಳಗೊಂದು ಹೆಣೆದುಕೊಂಡ ಎರಡು ಬಾಣಗಳಿವೆ. ನಮ್ಮಲ್ಲಿ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ; ಪರದೇಶದಿಂದ ಬಂದ ಚಾಕೊಲೇಟಿನ ಮೇಲೆ ಇದನ್ನು ಕಂಡು ಮೊಟ್ಟೆ ಇಲ್ಲವೆಂದು ಸಮಾಧಾನಪಟ್ಟುಕೊಂಡವರು ಇದ್ದರೂ ಇರಬಹುದು. ಜರ್ಮನರಿಗೂ ಅದೇ ಬಗೆಯ ಭ್ರಮೆಯಾಯಿತು. ಚುಕ್ಕೆ ಹೇಳುತ್ತಿದ್ದದ್ದು ಶುಲ್ಕ ಸಂದಿದೆ ಎಂದು. ಜನ ಓದಿಕೊಂಡದ್ದು ಇದು ಮರುಬಳಕೆಯಾಗುತ್ತದೆ ಎಂದು. ಅಲ್ಲಿಯ ಜನ ಶಿಸ್ತಿನವರು. ಹಳದಿ ಚೀಲಗಳು ಸಂಸ್ಥೆಯ ಅಂದಾಜನ್ನು ಮೀರಿ ತುಂಬಿ ಬಂದವು. ಬಂದ ಪ್ಲಾಸ್ಟಿಕ್ಕನ್ನೆಲ್ಲ ಕರಗಿಸುವಷ್ಟು ಕಾರಖಾನೆಗಳು ದೇಶದಲ್ಲಿ ಇರಲಿಲ್ಲ. 1993ರ ವೇಳೆಗೆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತ್ತು; ಜರ್ಮನಿಯ ಕಸ ಪರದೇಶಗಳಲ್ಲಿ ರಾಶಿ ಬಿದ್ದಿರುವ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಸಂಸ್ಥೆ ಹೇಗೋ ಉಳಿದುಕೊಂಡಿತು, ಆ ಪದ್ಧತಿ ಯೂರೋಪಿನ ಹಲವು ದೇಶಗಳಿಗೂ ಹಬ್ಬಿತು. ಈ ಮಾದರಿಯನ್ನು ಕೇವಲ ಆಡಿಕೊಂಡರೆ ಅನ್ಯಾಯವಾದೀತು. ಕಸದ ಖರ್ಚನ್ನು ಸರಕಿನ ಒಡೆಯನ ಲೆಕ್ಕಕ್ಕೆ ಹಾಕಿದ ದೊಡ್ಡ ಪ್ರಯೋಗ ಅದು. ತಪ್ಪು ಗುರುತಿನದು ಮಾತ್ರ.

ಜಪಾನಿನವರು ಮಾತ್ರ ಗುರುತಿಗೆ ಕಾವ್ಯವನ್ನು ಬೆರೆಸಲಿಲ್ಲ ಎಂದು ನನ್ನ ಎಣಿಕೆ. ಉಕ್ಕಿನ ಡಬ್ಬಿಗೂ ಅಲ್ಯೂಮಿನಿಯಮ್ಮಿನ ಡಬ್ಬಿಗೂ 1991ರಲ್ಲೇ ಬೇರೆ ಬೇರೆ ಗುರುತು ಗೊತ್ತುಮಾಡಿದರು. 2001ರಿಂದ ಕಾಗದದ ಮತ್ತು ಪ್ಲಾಸ್ಟಿಕ್ಕಿನ ಕಟ್ಟುಗಳಿಗೂ ಅದು ಕಡ್ಡಾಯವಾಯಿತು. ಬಾಣಗಳು ಅಲ್ಲಿಯೂ ಇವೆ. ಆದರೆ ಅವುಗಳ ನಡುವೆ ಆ ನಾಡಿನ ಲಿಪಿಯಲ್ಲಿಯೇ ‘ಕಾಗದ’ ಎಂದೋ ‘ಪ್ಲಾ’ ಎಂದೋ ಬರೆದಿರುತ್ತದೆ. ಅಂಕೆಯ ಒಗಟಿಲ್ಲ. ಊರಿನ ಆಡಳಿತದವರು ಯಾವ ದಿನ ಯಾವುದನ್ನು ಒಯ್ಯುತ್ತಾರೆಂಬ ಪಟ್ಟಿ ಮನೆಯಲ್ಲಿರುತ್ತದೆ. ಡಬ್ಬಿಯ ಮೇಲಿನ ಮಾತು ಆ ಪಟ್ಟಿಯಲ್ಲೂ ಇರುತ್ತದೆ. ಓದುವವರು ಯಾರೆಂಬುದನ್ನು ಮೊದಲು ನಿಶ್ಚಯಿಸಿ ಆಮೇಲೆ ಬರೆದ ಗುರುತು ಅದು.

ಮೂರು ಬಾಣಗಳ ತವರಿನಲ್ಲಿ ಪಶ್ಚಾತ್ತಾಪ ತಡವಾಗಿ ಬಂದಿತು. ಅಂಕೆಗಳ ಉಸ್ತುವಾರಿ ಆ ಹೊತ್ತಿಗೆ ಸರಕುಗಳ ಮಾನಕಗಳನ್ನು ರೂಪಿಸುವ ಬೇರೊಂದು ಸಂಸ್ಥೆಯ ಕೈಗೆ ಹೋಗಿತ್ತು. ಅವರು 2013ರಲ್ಲಿ ಬಾಣಗಳನ್ನು ತೆಗೆದು ಬರಿಯ ತ್ರಿಕೋನವನ್ನು ಉಳಿಸಿದರು. ಸರಿಯಾದ ತೀರ್ಮಾನವೇ. ಆದರೆ ಅಷ್ಟರಲ್ಲಿ ಇಪ್ಪತ್ತೈದು ವರ್ಷ ಕಳೆದಿತ್ತು. ಕಾರಖಾನೆಗಳ ಲಕ್ಷಾಂತರ ಅಚ್ಚುಗಳಲ್ಲಿ ಬಾಣ ಕೊರೆದಾಗಿತ್ತು. ಬಾಣವಿರಬೇಕೆಂದು ಹೇಳುವ ಕಾಯಿದೆಗಳೂ ಹಲವು ಪ್ರಾಂತಗಳಲ್ಲಿ ಉಳಿದಿದ್ದವು. ಕ್ಯಾಲಿಫೋರ್ನಿಯದವರು 2021ರಲ್ಲಿ ಇನ್ನೂ ಬಿಗಿಯಾದ ಒಂದು ಕಾಯಿದೆ ಮಾಡಿದರು: ಪ್ರಾಂತದ ಜನಸಂಖ್ಯೆಯಲ್ಲಿ ನೂರಕ್ಕೆ 60 ಮಂದಿಯಾದರೂ ಇರುವ ಊರುಗಳಲ್ಲಿ ಆ ಸರಕನ್ನು ಸಂಗ್ರಹಿಸಿ ವಿಂಗಡಿಸುವ ಏರ್ಪಾಡು ನಿಜವಾಗಿ ಇದ್ದರೆ ಮಾತ್ರ ಅದರ ಮೇಲೆ ಬಾಣ ಹಾಕಬಹುದು. ಸಾಹುಕಾರನ ಹೆಸರು ಹೇಳಿದ ಮೇಲೆ ಹುಂಡಿ ಬರೆ ಎಂದ ಹಾಗಾಯಿತು. ಚಿತ್ರ ಬರೆದ ಆಂಡರ್ಸನ್ನರಂತೂ ಅದನ್ನು ಮರೆತೇಬಿಟ್ಟಿದ್ದರು. ಸೌದಿ ಅರೇಬಿಯದಲ್ಲಿ ಕೆಲಸ ಮಾಡುತ್ತಿದ್ದಾಗ ಒಮ್ಮೆ ರಜೆಗೆಂದು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಇಳಿದರೆ, ಗುಮ್ಮಟದ ಆಕಾರದ ಒಂದು ದೊಡ್ಡ ಕಸದ ತೊಟ್ಟಿಯ ಮೇಲೆ ತಮ್ಮದೇ ಚಿತ್ರ ಎದುರಾಯಿತಂತೆ.

ನಮ್ಮ ದೇಶಕ್ಕೆ ಆ ಅಂಕೆಗಳು ಹೆಚ್ಚುಕಡಿಮೆ ಹಾಗೆಯೇ ಬಂದವು. ಭಾರತೀಯ ಮಾನಕ ಬ್ಯೂರೋ 1998ರಲ್ಲಿ ಹೊರಡಿಸಿದ ಐ.ಎಸ್. 14534 ಎಂಬ ಮಾನಕದಲ್ಲಿ ಅವಕ್ಕೆ ಸ್ಥಾನ ಸಿಕ್ಕಿತು. 1999ರ ಕೇಂದ್ರ ಸರಕಾರದ ನಿಯಮಗಳು ಆ ಮಾನಕವನ್ನು ಅನುಸರಿಸಬೇಕೆಂದವು. 2016ರ ನಿಯಮಗಳು ಕೈಚೀಲದ ಮೇಲೆ ತಯಾರಕನ ಹೆಸರು, ನೋಂದಣಿಯ ಸಂಖ್ಯೆ, ದಪ್ಪ ಎಷ್ಟು ಮೈಕ್ರಾನ್ ಎಂಬುದೆಲ್ಲ ಇರಬೇಕೆಂದು ವಿಧಿಸಿದವು. ಬರಹಕ್ಕೆ ನಮ್ಮಲ್ಲಿ ಕೊರತೆಯಾಗಲಿಲ್ಲ.

ಆದರೆ ಅಮೆರಿಕಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಸಾಹುಕಾರ ಮೊದಲಿನಿಂದಲೂ ಇದ್ದ. ಅವನೇ ಗುಜರಿಯವನು. ತಕ್ಕಡಿ ಹಿಡಿದುಕೊಂಡು ಹಳೆಯ ಪೇಪರು, ಹಳೆಯ ಕಬ್ಬಿಣ ಎಂದು ಕೂಗುತ್ತ ಬರುವವನ ಹಿಂದೆ ಒಂದು ದೊಡ್ಡ ಪೇಟೆಯೇ ಇದೆ. ಬೆಂಗಳೂರಿನ ಜಾಲಿ ಮೊಹಲ್ಲದ ಸಗಟು ಗುಜರಿಯ ಅಂಗಡಿಗಳನ್ನೋ, ನಾಯಂಡಹಳ್ಳಿಯ ಸುತ್ತ ಪ್ಲಾಸ್ಟಿಕ್ಕನ್ನು ಅರೆಯುವ ಗೂಡುಗಳನ್ನೋ ನೋಡಿದವರಿಗೆ ಇದು ಗೊತ್ತು. ಇವನು ಯಾವುದಕ್ಕೆ ದುಡ್ಡು ಕೊಡುತ್ತಾನೋ ಅದು ಮರುಬಳಕೆಯಾಗುತ್ತದೆ; ಯಾವುದನ್ನು ಕಂಡು ತಲೆಯಾಡಿಸುತ್ತಾನೋ ಅದು ಆಗುವುದಿಲ್ಲ, ತಳದಲ್ಲಿ ಎಷ್ಟು ಬಾಣಗಳಿದ್ದರೇನು? ಬೆಳ್ಳಿಯ ಹಾಗೆ ಹೊಳೆಯುವ ಕುರುಕಲು ತಿಂಡಿಯ ಪೊಟ್ಟಣವನ್ನೇ ತೆಗೆದುಕೊಳ್ಳಿ. ಒಂದರ ಮೇಲೊಂದು ಅಂಟಿದ ಹಲವು ಪದರಗಳು, ನಡುವೆ ಅಲ್ಯೂಮಿನಿಯಮ್ಮಿನ ಲೇಪ. ಬಿಡಿಸಲು ಯಾರ ಕೈಯಲ್ಲೂ ಆಗದು. ಅದನ್ನು ಗುಜರಿಯವನಿಗೆ ಕೊಟ್ಟು ನೋಡಿ, ನಕ್ಕು ಮುಂದಿನ ಮನೆಗೆ ಹೋಗುತ್ತಾನೆ.

ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆಜ್ಞೆಯಾದಾಗ ಮನೆಯವರನ್ನು ಅಂಕೆ ಓದಿರೆಂದು ಕೇಳಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಹಸಿಕಸಕ್ಕೆ ಹಸಿರು ಬುಟ್ಟಿ, ಬಟ್ಟೆ ಪಟ್ಟಿ ಔಷಧಗಳಂಥ ಕಸಕ್ಕೆ ಕೆಂಪು ಬುಟ್ಟಿ, ಒಣಗಿದ್ದಕ್ಕೆಲ್ಲ ಒಂದು ಚೀಲ. ಆ ಚೀಲದೊಳಗೆ ಏಳೂ ಅಂಕೆಗಳು, ಕಾಗದ, ತಗಡು ಎಲ್ಲ ಕಲೆತೇ ಇರುತ್ತವೆ. ಅವನ್ನು ಓದುವ ಕೆಲಸ ಒಣಕಸದ ಕೇಂದ್ರಗಳಲ್ಲಿ ಕೆಳಗೆ ಕುಳಿತು ವಿಂಗಡಿಸುವವರದು. ಅವರಲ್ಲಿ ಹೆಂಗಸರೇ ಬಹಳ. ಎಷ್ಟು ಚೊಕ್ಕಟವಾಗಿ ವಿಂಗಡಿಸಿದರೋ ಅಷ್ಟು ಹೆಚ್ಚು ಬೆಲೆ. ಹಾಲಿನ ಕವರು ತೊಳೆಯದೆ ಬಂದರೆ ಬೆಲೆ ಇಳಿಯುತ್ತದೆ, ನಷ್ಟ ಅವರದೇ.

ಈ ವಿಂಗಡಣೆಯಲ್ಲಿ ತ್ರಿಕೋನಕ್ಕೆ ಅಷ್ಟಾಗಿ ಕೆಲಸವಿಲ್ಲ. ಕವರನ್ನು ಬೆರಳಿನಲ್ಲಿ ಹಿಸುಕಿದಾಗ ಅದು ಚರಚರ ಎನ್ನುತ್ತದೆಯೋ ಮೆತ್ತಗೆ ಸುಮ್ಮನಿರುತ್ತದೆಯೋ ಎಂಬುದರಿಂದಲೇ ಎಲ್‌ಡಿ, ಪಿಪಿ ಎಂದು ಬೇರೆ ಬೇರೆ ಗುಡ್ಡೆಗೆ ಹೋಗುತ್ತದೆ. ಅನುಮಾನವಿದ್ದರೆ ಚೂರನ್ನು ಸುಟ್ಟು ಉರಿಯ ಬಣ್ಣವನ್ನೂ ಹೊಗೆಯ ವಾಸನೆಯನ್ನೂ ನೋಡುವವರಿದ್ದಾರೆ. ಶ್ವಾಸಕೋಶಕ್ಕೆ ಇದು ಒಳ್ಳೆಯದಲ್ಲ. ನೀರಿನ ಸೀಸೆ ಬಂದರಂತೂ ತಳವನ್ನು ನೋಡುವ ಪ್ರಶ್ನೆಯೇ ಇಲ್ಲ. ತಳದ ಅಂಕೆ ಸೀಸೆಯೊಂದರ ಮಾತು. ಮುಚ್ಚಳ ಬೇರೆ ಪ್ಲಾಸ್ಟಿಕ್ಕು, ಕತ್ತಿನಲ್ಲಿ ಉಳಿದ ಉಂಗುರ ಮುಚ್ಚಳದ್ದೇ, ಹೊಟ್ಟೆಗೆ ಸುತ್ತಿದ ಹಾಳೆ ಇನ್ನೊಂದು. ಆಕೆ ಮುಚ್ಚಳವನ್ನು ಒಂದೇ ತಿರುವಿನಲ್ಲಿ ಬಿಚ್ಚಿ ಎಡಗಡೆಯ ಚೀಲಕ್ಕೆ ಎಸೆಯುತ್ತಾಳೆ, ಹಾಳೆಯನ್ನು ಹರಿದು ಹಿಂದಕ್ಕೆ ಹಾಕುತ್ತಾಳೆ, ಸೀಸೆಯನ್ನು ಕಾಲಿನಿಂದ ಮೆಟ್ಟಿ ಚಪ್ಪಟೆ ಮಾಡಿ ಬಲಗಡೆಯ ರಾಶಿಗೆ ದೂಡುತ್ತಾಳೆ. ಕೈ ಆಗಲೇ ಮುಂದಿನ ಸೀಸೆಯ ಮೇಲಿರುತ್ತದೆ.